ಗಾಯದ ಪ್ರಾಣಿಗೆ ಸದ್ದಿಲ್ಲದ ಮನೆ ಬೇಕು: ನನ್ನ ಅನುಭವ

ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ ಶುರುವಾಗುವ ಕಡೆ, ಹಳೇ ಚಾಳೊಂದರ ಕೆಳಗಿನ ಮನೆಯಲ್ಲಿ ನಾನೊಬ್ಬನೇ ಇರುತ್ತೇನೆ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಶೀಟ್ ಹಾಕಿದ ಸಣ್ಣ ಜಾಗ. ಊರು ಕಾರ್ಕಳದ ಕಡೆ. ವರ್ಷಗಟ್ಟಲೆ ಹೋಟೆಲಿನ ಕ್ಯಾಶಿನಲ್ಲಿ ಕೂತವನು, ಈಗ ಒಂದೆರಡು ಹೋಟೆಲಿನ ಲೆಕ್ಕ ಮನೆಯಲ್ಲೇ ಬರೆದುಕೊಡುತ್ತೇನೆ. ಉಳಿದ ಹೊತ್ತೆಲ್ಲ ಪೆಟ್ಟು ತಿಂದ ನಾಯಿ, ಬೆಕ್ಕು, ಹಕ್ಕಿಗಳದ್ದು. "ನಮಗೂ ಹೀಗೆ ಇರಬೇಕು ಅಂತ ಆಸೆ, ಹೇಗೆ ಶುರು ಮಾಡೋದು?" ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಗಾಯಗೊಂಡ ಕಾಡು ಹಕ್ಕಿಗೆ ನಮ್ಮ ಪ್ರೀತಿ ಅರ್ಥವಾಗುವುದಿಲ್ಲ. ಅದರ ಕಣ್ಣಿಗೆ ನಾವು ಹಿಡಿದು ತಿನ್ನಲು ಬಂದವರು. ಮೈ ಸವರಿ, ಮುದ್ದು ಮಾಡಿ, ಅಕ್ಕಪಕ್ಕದ ಮಕ್ಕಳನ್ನೆಲ್ಲ ಕರೆದು ತೋರಿಸಿದರೆ ಗಾಯಕ್ಕಿಂತ ಮೊದಲು ಹೆದರಿಕೆಯೇ ಅದನ್ನು ಕೊಲ್ಲಬಹುದು. ಟಿವಿ ಇಲ್ಲದ, ಬಂದುಹೋಗುವವರು ಕಡಿಮೆ ಇರುವ, ಬೇಗ ದೀಪ ಆರಿಸುವ ಮನೆ ಅದಕ್ಕೆ ಬೇಕು. ನನ್ನ ಒಂಟಿ ಬದುಕನ್ನು ಕೆಲವರು ವೈರಾಗ್ಯ ಅಂದುಕೊಳ್ಳುತ್ತಾರೆ. ಅಂಥದ್ದೇನೂ ಇಲ್ಲ. ಈ ಕೆಲಸಕ್ಕೆ ಇಂಥ ಮನೆ ಒದಗುತ್ತದೆ, ಅದಕ್ಕೇ ಮನೆಯನ್ನು ಹೀಗೇ ಇಟ್ಟುಕೊಂಡಿದ್ದೇನೆ.

ಸಂಕ್ರಾಂತಿ ಹತ್ತಿರ ಬಂದರೆ ನನಗೆ ನಿದ್ದೆ ಕಡಿಮೆ. ಗಾಳಿಪಟ ಹಾರಿಸುವ ನೈಲಾನ್ ದಾರವನ್ನು, ಅಂದರೆ ನೈಲಾನ್ ಮಾಂಜಾವನ್ನು, 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧಿಸಿತು, ಆದರೂ ಜನವರಿಯಲ್ಲಿ ಅದೇ ದಾರ ಸಿಕ್ಕಿಕೊಂಡ ಹದ್ದು, ಪಾರಿವಾಳಗಳು ಬರುತ್ತಲೇ ಇರುತ್ತವೆ. ಆ ದಾರ ಕೊಳೆಯುವುದಿಲ್ಲ ನೋಡಿ, ಮಳೆಗಾಲ ಬಂದರೂ ಮರದಲ್ಲೇ ನೇತಾಡುತ್ತಾ ಬಾವಲಿಗಳನ್ನು ಹಿಡಿಯುತ್ತಿರುತ್ತದೆ.

ಹದ್ದನ್ನು ಹಿಡಿಯುವಾಗ ಕೊಕ್ಕಿಗಿಂತ ಉಗುರಿಗೆ ಹೆದರಬೇಕು. ದಪ್ಪ ಟವೆಲನ್ನು ತಲೆ ಸಮೇತ ಮುಚ್ಚುವ ಹಾಗೆ ಹಾಕುತ್ತೇನೆ, ಕಣ್ಣಿಗೆ ಕತ್ತಲಾದ ಕೂಡಲೇ ಅದರ ಒದ್ದಾಟ ಕಡಿಮೆಯಾಗುತ್ತದೆ. ಆಮೇಲೆ ಎರಡೂ ಕಾಲು ಒಟ್ಟಿಗೆ ಹಿಡಿದು, ರೆಕ್ಕೆಗಳನ್ನು ಮೈಗೆ ಒತ್ತಿಕೊಳ್ಳುತ್ತೇನೆ. ದಾರವನ್ನು ಯಾವ ಕಾರಣಕ್ಕೂ ಎಳೆಯಬಾರದು. ರೆಕ್ಕೆಯ ಮುಂಭಾಗದಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ, ಒಂದು ತೆಳು ಚರ್ಮ ಇರುತ್ತದೆ. ದಾರ ಹೂತುಕೊಳ್ಳುವುದು ಹೆಚ್ಚಾಗಿ ಅಲ್ಲೇ, ಎಳೆದರೆ ಒಳಗಿನ ನಾರು ತುಂಡಾಗಿ ಹಕ್ಕಿ ಮತ್ತೆ ಹಾರದೇ ಹೋಗಬಹುದು. ಗಾಯದ ಎರಡೂ ಬದಿ ಕತ್ತರಿಸಿ, ಹೂತ ತುಂಡನ್ನು ಡಾಕ್ಟರಿಗೇ ಬಿಡುತ್ತೇನೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಕೆಳಗೆ ಹಳೇ ಬಟ್ಟೆ, ಮುಚ್ಚಳ ಹಾಕಿ ಕತ್ತಲು. ಬಾಯಿಗೆ ನೀರು ಬಿಡಬೇಡಿ, ಗಾಬರಿಯಲ್ಲಿರುವ ಹಕ್ಕಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ ಅರಣ್ಯ ಇಲಾಖೆಯ 1926ಕ್ಕೆ ಫೋನ್, ಇಲ್ಲವೇ ನೇರ ಪರೇಲಿನ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ. ಹದ್ದು, ಗೂಬೆ, ಗಿಳಿ ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಅದು ಸರಿ ಕೂಡ ಅನ್ನುತ್ತೇನೆ ನಾನು.

ಬೀದಿ ನಾಯಿಯ ವಿಷಯ ಬೇರೆ. ಆದಷ್ಟು ಮಟ್ಟಿಗೆ ಅದರ ಗಲ್ಲಿಯಲ್ಲೇ ಔಷಧಿ ಮಾಡುತ್ತೇನೆ. ಮಳೆಗಾಲದಲ್ಲಿ ಕಿವಿಯ ಬುಡದ ಸಣ್ಣ ಗಾಯದ ಮೇಲೆ ನೊಣ ಕೂತರೆ ಮುಗೀತು, ಒಂದೇ ದಿನದಲ್ಲಿ ಹುಳ ಬೀಳುತ್ತದೆ. ನಾಯಿ ತಲೆ ಓರೆ ಮಾಡಿ ಕೊಡವುತ್ತಾ ಕಾರಿನ ಕೆಳಗೆ ಸೇರಿಕೊಂಡರೆ, ಹತ್ತಿರ ಹೋದಾಗ ಒಂಥರಾ ಕೊಳೆತ ವಾಸನೆ ಬಂದರೆ, ನೋಡದೇ ಹೇಳಬಹುದು. ಹುಳದ ಸ್ಪ್ರೇ ಹೊಡೆದು ಕಾದರೆ ಹುಳಗಳು ಒಂದೊಂದಾಗಿ ಮೇಲೆ ಬರುತ್ತವೆ, ಚಿಮಟದಲ್ಲಿ ತೆಗೆಯಬೇಕು. ಒಳಗೆ ಒಂದೆರಡು ಉಳಿದರೂ ಅವು ತಿನ್ನುತ್ತಲೇ ಇರುತ್ತವೆ, ಹಾಗಾಗಿ ಗಾಯ ತುಂಬುವವರೆಗೆ ದಿನಾ ಹೋಗಲೇಬೇಕು.

ಮನೆಗೆ ತರುವುದು ಏಳಲಾಗದವನ್ನು ಮಾತ್ರ. ಗಾಡಿ ಹಾಯ್ದು ಸೊಂಟ ಬಿದ್ದುಹೋದ ಕಂದು ಬಣ್ಣದ ಹೆಣ್ಣು ನಾಯಿ ಒಂದು ಈಗ ನನ್ನ ಹತ್ತಿರ ಇದೆ. ಅದಕ್ಕೆ ತಾನಾಗಿ ಮೂತ್ರ ಬರುವುದಿಲ್ಲ. ಡಾಕ್ಟರ್ ನನ್ನ ಕೈ ಹಿಡಿದು ಜಾಗ ತೋರಿಸಿದರು: ಹಿಂಗಾಲಿನ ಮುಂದೆ, ಹೊಟ್ಟೆಯ ಎರಡೂ ಕಡೆ ಅಂಗೈ ಇಟ್ಟರೆ, ಒಳಗೆ ನೀರು ತುಂಬಿದ ಬಲೂನಿನ ಹಾಗೆ ಸಿಗುತ್ತದೆ, ಮೆಲ್ಲಗೆ ಬಾಲದ ಕಡೆಗೆ ಒತ್ತಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಕಟ್ಟಿಕೊಂಡರೆ ಸೋಂಕು, ಕಿಡ್ನಿಗೆ ಪೆಟ್ಟು. ನಡುನಡುವೆ ಮಗ್ಗುಲು ಬದಲಿಸದಿದ್ದರೆ ಮೂಳೆ ಒತ್ತುವಲ್ಲಿ ಹುಣ್ಣಾಗುತ್ತದೆ. ನೋಡಿ ಕಲಿಯದೆ ಇದನ್ನು ಯಾರೂ ಮಾಡಬೇಡಿ.

ಹೀಗಿರುವಾಗ ಊರಿಗೆ ಹೋಗುವುದು ಹೇಗೆ? ಅಕ್ಕನ ಮಗನ ಮದುವೆಗೂ ಹೋಗಲಾಗಲಿಲ್ಲ. "ಎಂತ ಮಾರಾಯ, ನಾಯಿಗೋಸ್ಕರ ಸೋದರಮಾವನೇ ಇಲ್ಲದ ಮದುವೆಯಾ?" ಅಂತ ಅಕ್ಕ ಅತ್ತಳು. ಆ ನೋವು ನನಗೂ ಇದೆ, ಅದನ್ನು ಮುಚ್ಚಿಟ್ಟು ಈ ಬದುಕು ಚಂದ ಅಂತ ನಿಮಗೆ ಹೇಳಲಾರೆ. ಆದರೆ ಅವತ್ತು ಮಧ್ಯಾಹ್ನ ಆ ನಾಯಿಯ ಹೊಟ್ಟೆ ಒತ್ತಲು ಬೇರೆ ಯಾರೂ ಇರಲಿಲ್ಲ.

ನನ್ನ ಖರ್ಚು ಅಂದರೆ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. ಮಾಂಸ ತಿನ್ನುವವನಲ್ಲ ನಾನು, ಆದರೂ ದಿನಾ ಕೋಳಿ ಅಂಗಡಿಗೆ ಹೋಗಿ, ಬೇರೆ ಪಾತ್ರೆಯಲ್ಲಿ ಬೇಯಿಸುತ್ತೇನೆ. ಬೆಕ್ಕನ್ನು ಮೊಸರನ್ನದಲ್ಲಿ ಸಾಕಲಾಗದು, ಅದಕ್ಕೆ ಮಾಂಸ ಬೇಕೇ ಬೇಕು. ಬೇಯಿಸಿದ ಮೂಳೆ ಮಾತ್ರ ಯಾವುದಕ್ಕೂ ಹಾಕಬೇಡಿ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಜ್ವರ ಅಂತ ಬೆಕ್ಕಿಗೆ ನಮ್ಮ ಪ್ಯಾರಾಸಿಟಮಾಲ್ ಕೊಟ್ಟರೆ ಅದು ವಿಷ.

ಶುರು ಮಾಡುವವರು ಮೊದಲು ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ, ಕಚ್ಚುವ ಮುಂಚೆಯೇ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನೇರ ಆಸ್ಪತ್ರೆಗೆ. ಚುಚ್ಚುಮದ್ದು ಮೊದಲೇ ಆಗಿದ್ದರೂ ಹೋಗಬೇಕು.

ಇನ್ನೊಂದು, ನಿಮಗೆ ಜ್ವರ ಬಂದ ದಿನ ಬಾಗಿಲು ತೆರೆಯಲು ಒಬ್ಬರು ಬೇಕು. ನನ್ನ ಪಕ್ಕದ ಮನೆಯ ಆಜಿಯ ಮೊಮ್ಮಗನ ಹತ್ತಿರ ಒಂದು ಕೀಲಿ ಇದೆ. ಹೊಟ್ಟೆ ಒತ್ತುವುದು ಅವನಿಗೂ ಬರುತ್ತದೆ, ಡಾಕ್ಟರೇ ಕಲಿಸಿದ್ದಾರೆ. ಯಾವ ನಾಯಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಅಂತ ಅವನಿಗೆ ಓದಲು ಬರುವ ಹಾಗೆ ಮರಾಠಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಔಷಧಿ ಬದಲಾದ ದಿನವೇ ಆ ಚೀಟಿಯನ್ನೂ ಬದಲಿಸುತ್ತೇನೆ.