ಕೊನೆಯ ಎರಡು ನಿಮಿಷದಲ್ಲಿ ಕೋಚ್ ಎಡವಿದ್ದೆಲ್ಲಿ ಅಂತ ಕಂಡುಹಿಡಿಯೋದು ಹೇಗೆ?

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪಂದ್ಯ ಕೊನೆಯ ಎರಡು ನಿಮಿಷಕ್ಕೆ ಬಂತು ಅಂದರೆ ಮೊದಲು ಗಡಿಯಾರ ನೋಡಿ, ಆಮೇಲೆ ಚೆಂಡು. ಎರಡೂ ತಂಡಗಳ ಹತ್ತಿರ ಎಷ್ಟು ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ಅವಕಾಶ) ಉಳಿದಿವೆ, ಇದು ಎಷ್ಟನೇ ಡೌನ್ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಪಾಯಿಂಟ್ ಬೇಕು ಅನ್ನೋದನ್ನೂ ನೋಡಿಕೊಂಡು, ಆ ಆಟ (ಅಂದರೆ ಆ ಒಂದು ಪ್ರಯತ್ನ) ಶುರುವಾಗುವ ಮೊದಲೇ ಏನು ಮಾಡಿದರೆ ಸರಿ ಅಂತ ಮನಸ್ಸಲ್ಲೇ ತೀರ್ಮಾನ ಮಾಡಿಬಿಡಿ. ಆಟ ಕೆಟ್ಟ ಮೇಲೆ ಕೋಚ್‌ನ ಬೈಯೋದು ಎಲ್ಲರಿಗೂ ಬರುತ್ತದೆ. ಆದರೆ ಆಟ ಕೆಟ್ಟ ಮಾತ್ರಕ್ಕೆ ನಿರ್ಧಾರ ತಪ್ಪು ಅಂತ ಆಗುವುದಿಲ್ಲ.

ಇಷ್ಟು ಗೊತ್ತಿದ್ದರೆ ಸಾಕು. ಪ್ರತಿ ಅರ್ಧಕ್ಕೆ ಒಂದು ತಂಡಕ್ಕೆ 3 ಟೈಮ್‌ಔಟ್. ಪಾಸ್ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಪಂದ್ಯದ ಕೊನೆಯ 5 ನಿಮಿಷದಲ್ಲಿ ಚೆಂಡು ಹಿಡಿದ ಆಟಗಾರ ಮೈದಾನದ ಪಕ್ಕದ ಗೆರೆಯಾಚೆ ಹೋದರೂ ನಿಲ್ಲುತ್ತದೆ. ಮೈದಾನದೊಳಗೇ ಅವನನ್ನು ಕೆಡವಿದರೆ ಮಾತ್ರ ಓಡುತ್ತಲೇ ಇರುತ್ತದೆ, ಮುಂದಿನ ಆಟ ಶುರು ಮಾಡಲು 40 ಸೆಕೆಂಡ್ ಅವಕಾಶ ಇರೋದರಿಂದ ಮುಂದಿರುವ ತಂಡ ಅಷ್ಟನ್ನೂ ಆರಾಮಾಗಿ ಕಳೆಯಬಹುದು. ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಪಡೆಯುವ 3 ಪಾಯಿಂಟ್) ದೂರ ಬೇಕಾದರೆ, ಎದುರಾಳಿಯ ಗೋಲ್ ಗೆರೆಯಿಂದ ಚೆಂಡು ಎಷ್ಟು ಗಜ ದೂರ ಇದೆಯೋ ಅದಕ್ಕೆ 17 ಸೇರಿಸಿ.

ಈಗ 2024ರ ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪಂದ್ಯ ನೋಡಿ. ಡೆಟ್ರಾಯಿಟ್ ಲಯನ್ಸ್ 23, ಶಿಕಾಗೊ ಬೇರ್ಸ್ 20. ಲಯನ್ಸ್ ಕಡೆಯ 41ನೇ ಗಜದಲ್ಲಿ ಬೇರ್ಸ್ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಕೇಲೆಬ್ ವಿಲಿಯಮ್ಸ್ ಅವರನ್ನು ಕೆಡವಿದರು. 32 ಸೆಕೆಂಡ್ ಉಳಿದಿತ್ತು, ಬೇರ್ಸ್ ಹತ್ತಿರ ಟೈಮ್‌ಔಟ್ ಒಂದಿತ್ತು. 41ಕ್ಕೆ 17 ಸೇರಿಸಿದರೆ 58, ಅಂದರೆ ಇನ್ನು ಸ್ವಲ್ಪ ಮುಂದೆ ಹೋದರೆ ಸಮ ಮಾಡಿಕೊಳ್ಳಬಹುದು. ಟೈಮ್‌ಔಟ್ ತಗೊಳ್ಳಲೇಬೇಕಾದ ಹೊತ್ತು ಅದು, ಅಲ್ವಾ? ಬೇರ್ಸ್ ಕೋಚ್ ಮ್ಯಾಟ್ ಈಬರ್‌ಫ್ಲೂಸ್ ತಗೊಳ್ಳಲಿಲ್ಲ. ಮುಂದಿನ ಆಟ ಶುರುವಾಗುವಷ್ಟರಲ್ಲಿ ಉಳಿದದ್ದು ಸುಮಾರು 6 ಸೆಕೆಂಡ್. ದೂರದ ಪಾಸ್ ನೆಲಕ್ಕೆ ಬಿತ್ತು, ಸಮಯ ಮುಗಿಯಿತು, ಟೈಮ್‌ಔಟ್ ಹಾಗೇ ಉಳಿಯಿತು. ಮರುದಿನವೇ ಅವರ ಕೆಲಸ ಹೋಯಿತು. ಆ ಪಾಸ್ ಕ್ಯಾಚ್ ಆಗಿ ಬೇರ್ಸ್ ಗೆದ್ದಿದ್ದರೂ ಇದನ್ನು ನಾನು ತಪ್ಪು ಅಂತಲೇ ಹೇಳುತ್ತೇನೆ.

2017ರ ಸೂಪರ್ ಬೌಲ್‌ನ (ಎನ್‌ಎಫ್‌ಎಲ್ ಫೈನಲ್) ಅಟ್ಲಾಂಟಾ ಫಾಲ್ಕನ್ಸ್ ಇದೇ ಜಾತಿಗೆ ಸೇರಿದವರು. 28-20ರಲ್ಲಿ ಮುಂದಿದ್ದರು, ಐದು ನಿಮಿಷವೂ ಉಳಿದಿರಲಿಲ್ಲ, ಚೆಂಡು ಎದುರಾಳಿಯ 22ನೇ ಗಜದಲ್ಲಿತ್ತು. ಅಲ್ಲಿಂದ ಫೀಲ್ಡ್ ಗೋಲ್ 39 ಗಜ, ಹೊಡೆದಿದ್ದರೆ ಅಂತರ 11, ಎದುರಾಳಿ ಒಂದೇ ಸಲಕ್ಕೆ ಸರಿಗಟ್ಟಲಾಗದಷ್ಟು. ಆದರೂ ಪಾಸ್ ಮಾಡಲು ಹೋಗಿ ಕ್ವಾರ್ಟರ್‌ಬ್ಯಾಕ್ ಸಿಕ್ಕಿಬಿದ್ದರು, ಮೇಲಿಂದ ಪೆನಾಲ್ಟಿ ಬೇರೆ, ಕೊನೆಗೆ ಪಂಟ್ ಮಾಡಬೇಕಾಯಿತು, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಬೇಕಾಯಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 34-28ಕ್ಕೆ ಗೆದ್ದರು.

ಇನ್ನು ಎಲ್ಲರೂ ಬೈಯುವ ಸಿಯಾಟಲ್ ಸೀಹಾಕ್ಸ್ ಪಾಸ್, 2015ರ ಫೆಬ್ರವರಿ 1ರ ಸೂಪರ್ ಬೌಲ್‌ನದ್ದು. ಅದನ್ನು ಎದುರಾಳಿ ಕಸಿದುಕೊಂಡು ಸೀಹಾಕ್ಸ್ ಸೋತರು. ಪೇಟ್ರಿಯಟ್ಸ್ 28, ಸೀಹಾಕ್ಸ್ 24. ಸೀಹಾಕ್ಸ್‌ಗೆ ಗೋಲ್ ಗೆರೆಗೆ ಒಂದೇ ಗಜ, ಎರಡನೇ ಡೌನ್, 26 ಸೆಕೆಂಡ್, ಒಂದು ಟೈಮ್‌ಔಟ್. ಚೆಂಡು ಹಿಡಿದು ಓಡುವುದರಲ್ಲಿ ಗಟ್ಟಿಗರಾದ ಮಾರ್ಷಾನ್ ಲಿಂಚ್ ಅಂಥವರು ಪಕ್ಕದಲ್ಲಿದ್ದಾಗ ಓಡಿಸದೆ ಪಾಸ್ ಯಾಕೆ ಅಂತ ಇವತ್ತಿಗೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಓಡಿ ಸಿಕ್ಕಿಬಿದ್ದರೆ ಟೈಮ್‌ಔಟ್ ಖರ್ಚು, ಮತ್ತೆ ಓಡಿ ಸಿಕ್ಕಿಬಿದ್ದರೆ ಗಡಿಯಾರ ನಿಲ್ಲಿಸಲು ಏನೂ ಉಳಿಯುವುದಿಲ್ಲ. ಮೂರು ಪ್ರಯತ್ನವೂ ನಿಶ್ಚಿಂತೆಯಾಗಿ ಸಿಗಬೇಕಾದರೆ ನಡುವೆ ಒಂದು ಪಾಸ್ ಬೇಕೇ ಬೇಕು, ಕೈತಪ್ಪಿದರೂ ಗಡಿಯಾರ ನಿಲ್ಲುತ್ತದೆ. ಅಷ್ಟು ಜನ ಗುಂಪಾಗಿದ್ದ ನಡುಭಾಗಕ್ಕೇ ಎಸೆದದ್ದು ಸರಿಯಾ ಅಂತ ಕೇಳಿ, ಅದು ನ್ಯಾಯವಾದ ಪ್ರಶ್ನೆ. ಪಾಸ್ ಮಾಡಿದ್ದೇ ಮೂರ್ಖತನ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ.

ಅದೇ ಹೊತ್ತಲ್ಲಿ ಇನ್ನೊಂದು ಕಡೆಯ ಬೆಂಚನ್ನೂ ನೋಡಿ. ಲಿಂಚ್ ಹಿಂದಿನ ಆಟದಲ್ಲಿ ಒಂದು ಗಜದ ಹತ್ತಿರ ಬಿದ್ದಾಗ ಸುಮಾರು ಒಂದು ನಿಮಿಷ ಉಳಿದಿತ್ತು. ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಕೈಯಲ್ಲಿ ಟೈಮ್‌ಔಟ್ ಇದ್ದರೂ ಸುಮ್ಮನೆ ನಿಂತರು, ಅರ್ಧ ನಿಮಿಷ ಹಾಗೇ ಹೋಯಿತು. ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಆ ಪಾಸನ್ನು ಕಸಿದುಕೊಂಡಾಗ ಗಡಿಯಾರದಲ್ಲಿ 20 ಸೆಕೆಂಡ್. ಕಸಿಯದೆ ಸೀಹಾಕ್ಸ್ ಟಚ್‌ಡೌನ್ (ಗೋಲ್ ಗೆರೆ ದಾಟಿ ಪಡೆಯುವ 6 ಪಾಯಿಂಟ್) ಆಗಿದ್ದರೆ, ತಿರುಗಿ ಪಾಯಿಂಟ್ ಗಳಿಸಲು ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೆ ಉಳಿಯುತ್ತಿದ್ದದ್ದೂ ಅಷ್ಟೇ, ಆಗ ಎಲ್ಲರೂ ಬೈಯುತ್ತಿದ್ದದ್ದು ಬೆಲಿಚಿಕ್ ಅವರನ್ನು.