ಕೂದಲು ಕಸಿಗೆ ಮುನ್ನ: ಕಾರಣ ಹುಡುಕಿ, ಗ್ರಾಫ್ಟ್ ಲೆಕ್ಕ ಹಾಕಿ

ಕಸಿ ಮಾಡಿಸಿದರೆ ಹೊಸ ಕೂದಲು ಹುಟ್ಟುತ್ತದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹುಟ್ಟುವುದಿಲ್ಲ. ಹಿಂದಲೆಯ ಕೂದಲನ್ನು ಬುಡಸಮೇತ ತೆಗೆದು ಮುಂದಲೆಗೆ ನೆಡುತ್ತಾರೆ, ಅಷ್ಟೇ. ಒಟ್ಟು ಕೂದಲು ಒಂದೂ ಹೆಚ್ಚುವುದಿಲ್ಲ, ಉಳಿದದ್ದು ಉದುರುವುದೂ ನಿಲ್ಲುವುದಿಲ್ಲ. ಆದ್ದರಿಂದ ಕ್ಲಿನಿಕ್‌ಗೆ ಮುಂಗಡ ಕಟ್ಟುವ ಮುನ್ನ ಎರಡು ಪ್ರಶ್ನೆಗೆ ಉತ್ತರ ಬೇಕು. ಕೂದಲು ಯಾಕೆ ಉದುರುತ್ತಿದೆ? ಹಿಂದಲೆಯಲ್ಲಿ ತೆಗೆಯುವಷ್ಟು ಎಷ್ಟಿದೆ?

ಉದುರುವ ಬಗೆ ಗುರುತಿಸಿ

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಬೀಳುತ್ತದೆ. ಅದೇ ಬುಡದಿಂದ ಹೊಸದು ಏಳುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಬಿದ್ದರೆ ಗಾಬರಿ ಬೇಡ. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ವಾರದ ಬಾಕಿಯೆಲ್ಲ ಒಂದೇ ದಿನ ಕೈಗೆ ಬರುತ್ತದೆ. ಬಚ್ಚಲಲ್ಲಿ ಬಿದ್ದದ್ದನ್ನು ಎಣಿಸುವುದಕ್ಕಿಂತ ಎಳೆದು ನೋಡುವ ಪರೀಕ್ಷೆ ವಾಸಿ. ತಲೆಗೆ ನೀರು ಹಾಕಿ ಒಂದು ದಿನವಾದ ಮೇಲೆ 50–60 ಕೂದಲಿನ ಒಂದು ಚಿಕ್ಕ ಕುಚ್ಚನ್ನು ಬುಡದ ಬಳಿ ಮೂರು ಬೆರಳಲ್ಲಿ ಹಿಡಿದು ತುದಿಯತನಕ ಹದವಾಗಿ ಎಳೆಯಿರಿ. ತಲೆಯ ನಾಲ್ಕೈದು ಕಡೆ ಹೀಗೆ ಮಾಡಿ. ಹೆಚ್ಚಿನ ಕಡೆ ಆರಕ್ಕಿಂತ ಹೆಚ್ಚು ಕೂದಲು ಕೈಗೆ ಬಂದರೆ ಉದುರುವಿಕೆ ಜೋರಾಗಿದೆ ಎಂದರ್ಥ.

ಇಡೀ ತಲೆಯಿಂದ ಒಂದೇ ಸಮ ಉದುರುತ್ತಿದ್ದರೆ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ನೆನಪಿಸಿಕೊಳ್ಳಿ. ಜೋರು ಜ್ವರ ಬಂದಿತ್ತೇ? ಹೆರಿಗೆ, ಶಸ್ತ್ರಚಿಕಿತ್ಸೆ ಆಗಿತ್ತೇ? ಊಟ ಬಿಟ್ಟು ಸರಸರನೆ ತೂಕ ಇಳಿಸಿದ್ದಿರೇ? ಮೈಗೆ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲಲ್ಲಿ ಒಂದು ಪಾಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ, ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಬೀಳುತ್ತದೆ. ಇದಕ್ಕೆ ಟೆಲೋಜೆನ್ ಎಫ್ಲೂವಿಯಂ ಎನ್ನುತ್ತಾರೆ. ಕಾರಣ ಕಳೆದಿದ್ದರೆ ಆರು ತಿಂಗಳೊಳಗೆ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಎಣ್ಣೆ, ಶಾಂಪೂ ಬದಲಿಸಿದವರು ಅದರಿಂದಲೇ ನಿಂತಿತು ಎಂದುಕೊಳ್ಳುವುದು ಈ ಹೊತ್ತಿನಲ್ಲೇ. ಇಂಥ ತಲೆಗೆ ಕಸಿ ಬೇಕಿಲ್ಲ.

ಗಂಡಸರಲ್ಲಿ ಹಣೆಯ ಎರಡು ಮೂಲೆ ಹಿಂದೆ ಸರಿದು ನೆತ್ತಿ ತೆಳುವಾಗುತ್ತಿದ್ದರೆ, ಹೆಂಗಸರಲ್ಲಿ ಮುಂದಲೆಯ ಕೂದಲಿನ ಅಂಚು ಹಾಗೇ ಉಳಿದು ಬೈತಲೆ ಅಗಲವಾಗುತ್ತಿದ್ದರೆ, ಅದು ವಂಶದಿಂದ ಬಂದ ಬೋಳು. ಗಂಡಸರಲ್ಲಿ ಟೆಸ್ಟೋಸ್ಟೆರಾನ್‌ನಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನು ಮುಂದಲೆ, ನೆತ್ತಿಗಳ ಕೂದಲ ಬುಡವನ್ನು ಸುತ್ತು ಸುತ್ತಿಗೂ ಸಣ್ಣದಾಗಿಸುತ್ತದೆ. ದಪ್ಪ ಎಳೆ ನೂಲಾಗಿ, ಆಮೇಲೆ ನವಿರಾಗಿ, ಕೊನೆಗೆ ಇಲ್ಲವಾಗುತ್ತದೆ. ಹಿಂದಲೆಯ ಮತ್ತು ಕಿವಿ ಮೇಲಿನ ಕೂದಲಿಗೆ ಇದರ ಬಾಧೆ ಬಹಳ ಕಡಿಮೆ. ಅಲ್ಲಿಂದ ಎತ್ತಿ ಬೇರೆಡೆ ನೆಟ್ಟರೂ ಆ ಗುಣ ಉಳಿಯುತ್ತದೆ. 1959ರಲ್ಲಿ ನಾರ್ಮನ್ ಓರೆಂಟ್ರೈಕ್ ಎಂಬ ಅಮೆರಿಕದ ಚರ್ಮತಜ್ಞ ಪ್ರಕಟಿಸಿದ ಈ ಸಂಗತಿಯ ಮೇಲೆಯೇ ಇಂದಿನ ಕಸಿಯೆಲ್ಲ ನಿಂತಿದೆ.

ನಾಣ್ಯದಗಲ ನುಣ್ಣಗೆ ಬೋಳಾದರೆ ಅದು ಅಲೋಪೇಷಿಯಾ ಏರಿಯೇಟಾ ಇರಬಹುದು. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಬೀಳುವ ಕಾಯಿಲೆ ಇದು. ಕಸಿ ಮಾಡಿದರೆ ಅದನ್ನೂ ಬಿಡುವುದಿಲ್ಲ. ಮಕ್ಕಳ ತಲೆಯಲ್ಲಿ ಹೊಟ್ಟೆದ್ದು ಕೂದಲು ತುಂಡಾಗಿದ್ದರೆ ಹುಳುಕಡ್ಡಿಯ ಅನುಮಾನ ಮೊದಲು ಬರಬೇಕು. ಉರಿ, ನೋವು, ಕೂದಲ ಬುಡದ ಸುತ್ತ ಕೆಂಪು ಇದ್ದು, ಬೋಳಾದ ಜಾಗದಲ್ಲಿ ರಂಧ್ರಗಳೇ ಕಾಣದಷ್ಟು ಚರ್ಮ ಹೊಳೆಯುತ್ತಿದ್ದರೆ ತಡಮಾಡದೆ ಚರ್ಮತಜ್ಞರ ಬಳಿ ಹೋಗಿ. ಕಲೆಗಟ್ಟುವ ಈ ಬಗೆಯ ಬೋಳಿನಲ್ಲಿ ಹೋದ ಕೂದಲು ಮರಳುವುದಿಲ್ಲ.

ರಕ್ತಪರೀಕ್ಷೆ, ಆಮೇಲೆ ಔಷಧಿ

ಪರೀಕ್ಷೆಯ ಪಟ್ಟಿ ಚಿಕ್ಕದು: ಪೂರ್ಣ ರಕ್ತಕಣ ಎಣಿಕೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವೈದ್ಯರು ಹೇಳಿದರೆ ವಿಟಮಿನ್ ಡಿ. ಮುಟ್ಟು ಏರುಪೇರಾಗಿರುವ, ಮುಖದ ಮೇಲೆ ರೋಮ ಹೆಚ್ಚಿರುವ ಹೆಂಗಸರಿಗೆ ಹಾರ್ಮೋನು ಪರೀಕ್ಷೆಯೂ ಬೇಕು. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಕಂಡಿರುವುದು ಅಪರೂಪವಲ್ಲ. ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆಯೇ ಹೇಳಿ. ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ಅದು ತಪ್ಪಾಗಿ ತೋರಿಸಬಲ್ಲದು.

ವಂಶದ ಬೋಳು ಖಚಿತವಾದರೆ ಮೊದಲ ಮೆಟ್ಟಿಲು ಮಿನಾಕ್ಸಿಡಿಲ್. ಗಂಡಸರಿಗೆ ಶೇ 5ರ ದ್ರಾವಣ, ಒಂದು ಸಲಕ್ಕೆ 1 ಮಿ.ಲೀ., ದಿನಕ್ಕೆ ಎರಡು ಸಲ. ಒಣಗಿದ ತಲೆಯ ಚರ್ಮಕ್ಕೆ ತಾಗುವಂತೆ ಹಚ್ಚಬೇಕು. ಕೂದಲಿಗೆ ಬಳಿದರೆ ದಂಡ. ನಾಲ್ಕು ತಾಸು ತಲೆ ತೊಳೆಯಬೇಡಿ, ಕೈ ತೊಳೆದುಕೊಳ್ಳಿ. ಮನೆಯಲ್ಲಿ ಬೆಕ್ಕಿದ್ದರೆ ಬಹಳ ಎಚ್ಚರ, ಸ್ವಲ್ಪ ನೆಕ್ಕಿದರೂ ಅದಕ್ಕೆ ವಿಷ. ಮೊದಲ ಎರಡರಿಂದ ಎಂಟು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು. ಹಳೆಯದನ್ನು ತಳ್ಳಿಕೊಂಡು ಹೊಸದು ಬರುತ್ತಿರುತ್ತದೆ. ಬಹಳಷ್ಟು ಜನ ಬಾಟಲಿ ಎಸೆಯುವುದು ಈ ಹಂತದಲ್ಲೇ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ.

ಗಂಡಸರಿಗೆ ಫಿನಾಸ್ಟೆರೈಡ್ 1 ಮಿ.ಗ್ರಾಂ ದಿನಕ್ಕೊಂದು ಮಾತ್ರೆ ಡಿಎಚ್‌ಟಿಯನ್ನು ತಗ್ಗಿಸುತ್ತದೆ. ಇದನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. ಕೆಲವರಲ್ಲಿ ಕಾಮಾಸಕ್ತಿ ಕುಗ್ಗುವುದು, ಮನಸ್ಸು ಕುಂದುವುದು ವರದಿಯಾಗಿದೆ. ಪ್ರಾಸ್ಟೇಟ್‌ನ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಆ ಪರೀಕ್ಷೆಗೆ ಹೋದಾಗ ತಿಳಿಸಲೇಬೇಕು. ಬಸುರಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದು.

ಔಷಧಿಗೆ ಒಂದು ವರ್ಷ ಕೊಟ್ಟು, ಬೋಳು ಒಂದು ಕಡೆ ನಿಂತ ಮೇಲೆ ಕಸಿಯ ಮಾತು. ಇಪ್ಪತ್ತೆರಡರ ಹುಡುಗನಿಗೆ ಹದಿನಾರರ ಮುಂದಲೆ ಕಟ್ಟಿಕೊಟ್ಟರೆ, ಮೂವತ್ತೈದಕ್ಕೆ ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಬಯಲು ಉಳಿಯುತ್ತದೆ.

ಗ್ರಾಫ್ಟ್ ಲೆಕ್ಕ

ಕೂದಲು ಚರ್ಮದಿಂದ ಒಂಟಿಯಾಗಿ ಏಳುವುದು ಕಡಿಮೆ. ಒಂದರಿಂದ ನಾಲ್ಕು ಎಳೆಗಳ ಗುಂಪಾಗಿ ಏಳುತ್ತದೆ. ಈ ಒಂದು ಗುಂಪೇ ಒಂದು ಗ್ರಾಫ್ಟ್. ಸರಾಸರಿ ಗ್ರಾಫ್ಟಿಗೆ ಎರಡು ಕೂದಲು. ಐದು ಸಾವಿರ ಎಂದು ಯಾರಾದರೂ ಹೇಳಿದರೆ ಕೂದಲೋ ಗ್ರಾಫ್ಟೋ ಎಂದು ಕೇಳಿ, ಬರೆಸಿಕೊಳ್ಳಿ.

ಬೋಳಾದ ಜಾಗದ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ಅಳೆದು 40ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. 60 ಚದರ ಸೆಂ.ಮೀ. ಮುಂದಲೆಗೆ 2400 ಗ್ರಾಫ್ಟ್. ಸಹಜ ತಲೆಯಲ್ಲಿ ಇದರ ಹತ್ತಿರ ಹತ್ತಿರ ಎರಡರಷ್ಟು ಸಾಂದ್ರತೆ ಇರುತ್ತದೆ, ಆದರೆ ಅರ್ಧದಷ್ಟಿದ್ದರೂ ಕಣ್ಣಿಗೆ ತುಂಬಿದಂತೆಯೇ ಕಾಣುತ್ತದೆ. ಈಗ ಮುಂದಲೆ, ನೆತ್ತಿ ಎಲ್ಲ ಸೇರಿ 180 ಚದರ ಸೆಂ.ಮೀ. ಬೋಳಾದವರ ಲೆಕ್ಕ ನೋಡಿ: 7200. ಹಿಂದಲೆಯಿಂದ ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಲಾಗುವುದು ಹೆಚ್ಚಿನವರಲ್ಲಿ 4000ದಿಂದ 6000 ಮಾತ್ರ. ಹಿಂದಲೆ ಒಂದು ಇಡುಗಂಟು. ಒಮ್ಮೆ ತೆಗೆದದ್ದು ಅಲ್ಲಿ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಬೋಳು ದೊಡ್ಡದಿದ್ದರೆ ಮುಂದಲೆ ತುಂಬಿಸಿ ನೆತ್ತಿಯನ್ನು ತೆಳುವಾಗಿ ಬಿಡುವುದೇ ಜಾಣತನ.

ಎಫ್‌ಯುಇಯೋ, ಎಫ್‌ಯುಟಿಯೋ?

ಗ್ರಾಫ್ಟ್ ತೆಗೆಯುವ ವಿಧಾನ ಎರಡು. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಚರ್ಮದ ಒಂದು ಉದ್ದ ಪಟ್ಟಿ ಕತ್ತರಿಸಿ, ಅದನ್ನು ಸೂಕ್ಷ್ಮದರ್ಶಕದಡಿ ಗ್ರಾಫ್ಟುಗಳಾಗಿ ಬಿಡಿಸುತ್ತಾರೆ. ಗೆರೆಯಂಥ ಕಲೆ ಉಳಿಯುತ್ತದೆ, ಹಿಂದೆ ತೀರಾ ಮೋಟಾಗಿ ಕತ್ತರಿಸುವವರಿಗೆ ಅದು ಕಾಣುತ್ತದೆ. ಎಫ್‌ಯುಇಯಲ್ಲಿ 0.8ರಿಂದ 1 ಮಿ.ಮೀ. ಅಗಲದ, ಚೂಪು ಕೊಳವೆಯಂಥ ಪಂಚ್‌ನಿಂದ ಒಂದೊಂದೇ ಗ್ರಾಫ್ಟ್ ಕೀಳುತ್ತಾರೆ. ಚುಕ್ಕೆ ಕಲೆಗಳಷ್ಟೇ ಉಳಿಯುತ್ತವೆ. ಆದರೆ ಪಂಚ್‌ನ ಕೋನ ತಪ್ಪಿದರೆ ಬುಡವೇ ತುಂಡಾಗುತ್ತದೆ, ಒಂದೇ ಕಡೆ ಒತ್ತೊತ್ತಾಗಿ ಕಿತ್ತರೆ ಹಿಂದಲೆ ಹುಳ ತಿಂದಂತಾಗುತ್ತದೆ. ಡಿಎಚ್‌ಐ ಎಂದು ಬೇರೆ ದರ ಹೇಳುವುದು ಪೆನ್ನಿನಂಥ ಸಾಧನದಲ್ಲಿ ನೆಡುವುದಕ್ಕೆ. ಕೀಳುವ ಕೆಲಸ ಎಫ್‌ಯುಇಯದೇ. ವಿಧಾನದ ಹೆಸರಿಗಿಂತ, ಪಂಚ್ ಹಿಡಿಯುವವರು ಮತ್ತು ನೆಡಲು ರಂಧ್ರ ಮಾಡುವವರು ಡಾಕ್ಟರೋ ಸಹಾಯಕರೋ ಎಂಬುದು ಮುಖ್ಯ.

ಕಸಿಯ ದಿನ

ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಸಿಗರೇಟು ರಕ್ತನಾಳವನ್ನು ಕುಗ್ಗಿಸುತ್ತದೆ, ನೆಟ್ಟದ್ದಕ್ಕೆ ರಕ್ತ ತಲುಪದೆ ಒಣಗಬಹುದು, ಚರ್ಮವೂ ಕೊಳೆಯಬಹುದು. ಹಿಂದಿನ ಕೆಲವು ವಾರ, ಮುಂದಿನ ಕೆಲವು ವಾರ ಅದನ್ನು ಬಿಡಿ.

ಮೊದಲು ಮುಂದಲೆಯ ಗೆರೆ ಬರೆಯುತ್ತಾರೆ. ಹುಬ್ಬುಗಳ ನಡುವಿನಿಂದ 7–9 ಸೆಂ.ಮೀ. ಮೇಲಿರಲಿ, ತುಸು ಅಂಕುಡೊಂಕಾಗಿರಲಿ, ಮೊದಲ ಸಾಲುಗಳಿಗೆ ಒಂಟಿ ಎಳೆಯ ಗ್ರಾಫ್ಟೇ ಬೀಳಲಿ. ಸ್ಕೇಲಿಟ್ಟು ಎಳೆದಂಥ ನೇರ ಗೆರೆ ದೂರದಿಂದಲೇ ಗುಟ್ಟು ಬಿಟ್ಟುಕೊಡುತ್ತದೆ. ಆಮೇಲೆ ಮರಗಟ್ಟಿಸುವ ಚುಚ್ಚುಮದ್ದು. ಅದರಲ್ಲಿರುವ ಲಿಡೋಕೇನಿನ ಪ್ರಮಾಣ ತೂಕಕ್ಕೆ ತಕ್ಕ ಮಿತಿ ಮೀರಿದರೆ ಮೂರ್ಛೆ ಬಂದೀತು, ಹೃದಯವೂ ನಿಂತೀತು. ನಾಡಿ, ರಕ್ತದೊತ್ತಡ ನೋಡುವ ಯಂತ್ರವಾಗಲಿ ತುರ್ತು ಔಷಧಿಯಾಗಲಿ ಇಲ್ಲದ ಕೋಣೆಯಲ್ಲಿ ಕುರ್ಚಿ ಹತ್ತಬೇಡಿ. ಕಿತ್ತ ಗ್ರಾಫ್ಟುಗಳು ನೆಡುವ ತನಕ ತಂಪಾದ ದ್ರಾವಣದಲ್ಲಿ ನೆನೆದಿರಬೇಕು. ಕೆಲವು ನಿಮಿಷ ಗಾಳಿಗೆ ಒಣಗಿದರೂ ಸಾಯುತ್ತವೆ.

ಮೊದಲ ಹತ್ತು ದಿನ

ನಾಲ್ಕೈದು ರಾತ್ರಿ ತಲೆ ಎತ್ತರಿಸಿ ಅಂಗಾತ ಮಲಗಿ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಹಣೆ ಊದಿ ಕಣ್ಣಿನತನಕ ಇಳಿಯಬಹುದು, ತಾನಾಗಿ ಕರಗುತ್ತದೆ. ಕೊಟ್ಟ ಸಲೈನನ್ನು ಹೇಳಿದ ಅಂತರದಲ್ಲಿ ಸಿಂಪಡಿಸಿ. ತಲೆ ತೊಳೆಯಲು ಅನುಮತಿ ಸಿಕ್ಕ ಮೇಲೆ ಶಾಂಪೂ ನೊರೆಯನ್ನು ಮೇಲೆ ಇರಿಸಿ, ಚೊಂಬಿನಿಂದ ನಿಧಾನ ನೀರು ಹೊಯ್ಯಿರಿ. ಶವರ್ ಬೇಡ, ಉಜ್ಜುವುದಂತೂ ಬೇಡ. ಹಕ್ಕಳೆ ಕೀಳಬೇಡಿ. ಸುಮಾರು ಹತ್ತನೇ ದಿನಕ್ಕೆ ಗ್ರಾಫ್ಟ್ ಬೇರೂರಿರುತ್ತದೆ, ಆಗ ಬೆರಳ ತುದಿಯಿಂದ ಮೆತ್ತಗೆ ತಿಕ್ಕಿ ಹಕ್ಕಳೆ ಉದುರಿಸಬಹುದು. ನೆಟ್ಟ ಜಾಗ ಕಪ್ಪಾಗತೊಡಗಿದರೆ, ಕೀವಾದರೆ, ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಎರಡರಿಂದ ಆರು ವಾರದೊಳಗೆ ನೆಟ್ಟ ಕೂದಲು ಬಹುಪಾಲು ಉದುರಿಹೋಗುತ್ತದೆ. ಬುಡ ಒಳಗೇ ಇರುತ್ತದೆ. ಅಕ್ಕಪಕ್ಕದ ಹಳೆಯ ಕೂದಲೂ ಪೆಟ್ಟಿಗೆ ಒಂದಿಷ್ಟು ಬೀಳಬಹುದು. ಮೂರು ನಾಲ್ಕು ತಿಂಗಳಿಗೆ ಸಣ್ಣ ಎಳೆ ಏಳತೊಡಗಿ, ಹನ್ನೆರಡು ತಿಂಗಳಿಗೆ ಪೂರ್ತಿ ರೂಪ ಬರುತ್ತದೆ. ನೆತ್ತಿಗೆ ಇನ್ನೂ ಆರು ತಿಂಗಳು ಹಿಡಿಯಬಹುದು. ಅದಕ್ಕೂ ಮೊದಲೇ ಸಾಲಲಿಲ್ಲ ಎಂದು ಎರಡನೇ ಕಸಿಗೆ ದಿನ ಗೊತ್ತುಮಾಡಬೇಡಿ. ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ಯಾವಾಗ ಮತ್ತೆ ಶುರುಮಾಡಬೇಕೆಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಅವು ಬೇಕಿರುವುದು ನೆಡದೆ ಉಳಿದ ಹಳೆಯ ಕೂದಲಿಗೆ.