"ಏನಂತ ಕೇಳಲಿ?"

"ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ" ಅಂತ ಎಷ್ಟು ಜನರಿಗೆ ಹೇಳಿ ಮರೆತಿದ್ದೇನೋ, ಲೆಕ್ಕವಿಲ್ಲ. ಸಿಕ್ಕಿಬಿದ್ದದ್ದು ಒಬ್ಬ ಗೆಳೆಯನ ಹತ್ತಿರ. ಅವನಿಗೆ ಕ್ಯಾನ್ಸರ್ ಅಂತ ಗೊತ್ತಾಗಿ ಎರಡು ವಾರ ಆಗಿತ್ತು. ಫೋನಿನಲ್ಲಿ ಏನೋ ಮಾತಾಡುತ್ತಾ ಕೇಳಿಬಿಟ್ಟ: "ಪ್ರಾರ್ಥನೆ ಮಾಡಿದ್ಯಾ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವತ್ತಿನಿಂದ ಯಾರಾದರೂ ಕಷ್ಟ ಹೇಳಿಕೊಂಡರೆ, ಅವರು ಒಪ್ಪಿದರೆ, ಅಲ್ಲೇ ಫೋನಿನಲ್ಲೇ ಎರಡು ಮಾತು ಪ್ರಾರ್ಥಿಸಿಬಿಡುತ್ತೇನೆ. ಆಮೇಲೆ ಅಂದರೆ ನಾನು ಮಾಡುವುದಿಲ್ಲ ಅಂತ ನನಗೇ ಗೊತ್ತು.

ಮುಂದಿನ ತಪ್ಪು ಅವನ ಹಾಸಿಗೆಯ ಪಕ್ಕದಲ್ಲೇ ಆಯಿತು. ಕಣ್ಣು ಮುಚ್ಚಿ ಶುರುಮಾಡಿದವನು ಹತ್ತು ನಿಮಿಷ ನಿಲ್ಲಿಸಲಿಲ್ಲ. ಬೈಬಲಿನ ವಚನದ ಮೇಲೆ ವಚನ. ಈಗ ಯೋಚಿಸಿದರೆ ಅದು ಪ್ರಾರ್ಥನೆಯೇ ಅಲ್ಲ, ದೇವರ ಹೆಸರಲ್ಲಿ ಅವನಿಗೆ ಕೊಟ್ಟ ಉಪದೇಶ. ಕಣ್ಣು ಬಿಟ್ಟಾಗ ಅವನು ವಾಂತಿ ತಡೆದುಕೊಂಡು ಕೂತಿದ್ದ. ನಾನು ಆಮೆನ್ ಅನ್ನಲಿ ಅಂತ ಕಾಯುತ್ತಿದ್ದನಂತೆ, ಪಾಪ.

ಬೈಬಲಿನಲ್ಲಿ ಮಾರ್ಕ ಬರೆದ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯ ಬರುತ್ತಾನೆ. ಅವನಿಗೆ ಕಣ್ಣಿಲ್ಲ ಅನ್ನುವುದು ನೋಡಿದವರಿಗೆಲ್ಲ ಗೊತ್ತು. ಆದರೂ ಯೇಸು ನಿನಗೆ ನಾನು ಏನು ಮಾಡಬೇಕು ಅಂತ ಅವನನ್ನೇ ಕೇಳುತ್ತಾನೆ. ನಾನು ಒಮ್ಮೆಯೂ ಕೇಳಿರಲಿಲ್ಲ. ಮುಂದಿನ ಸಲ ಹೋದಾಗ "ಇವತ್ತು ಏನಂತ ಕೇಳಲಿ?" ಅಂದೆ. ಗುಣವಾಗಲಿ ಅಂತ ಕೇಳು ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು, "ರಾತ್ರಿ ಮೂರು ಗಂಟೆ ನಿದ್ದೆ ಬಂದರೆ ಸಾಕು" ಅಂದ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್‌ನಿಂದ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಅಷ್ಟನ್ನೇ ಕೇಳಿದೆ. ನಿದ್ದೆ ಬರುತ್ತಿಲ್ಲ ಅಂತ ಡಾಕ್ಟರಿಗೂ ಹೇಳು ಅಂದೆ. ಅದುವರೆಗೂ ಹೇಳಿರಲಿಲ್ಲವಂತೆ!

ಗುಣವಾಗಲಿ ಅಂತಲೂ ಕೇಳುತ್ತೇನೆ, ಬಿಟ್ಟಿಲ್ಲ. ಯಾಕೋಬನ ಪತ್ರಿಕೆ ಅಂತ ಬೈಬಲಿನಲ್ಲಿರುವ ಪತ್ರದ 5ನೇ ಅಧ್ಯಾಯದಲ್ಲಿ ಇರುವ ಹಾಗೆ ಚರ್ಚಿನ ಸಭೆಯ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಆದರೆ ನೋಡಲು ಬಂದ ಇನ್ನೊಬ್ಬರು, "ನಂಬಿಕೆ ಜಾಸ್ತಿ ಇದ್ದಿದ್ದರೆ ಇಷ್ಟೊತ್ತಿಗೆ ವಾಸಿಯಾಗುತ್ತಿತ್ತು" ಅಂದು ಹೋದರು. ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಆ ಮಾತು ರೋಗಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಅವತ್ತು ಇಬ್ಬರೂ ಕೂತು ಯೇಸುವಿನ ಸುವಾರ್ತೆ ಸಾರಿದ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರಿಕೆಯ ಕೊನೆ ಓದಿದೆವು. ಇನ್ನೊಬ್ಬ ಜೊತೆಗಾರ ತ್ರೊಫಿಮ ಕಾಯಿಲೆ ಬಿದ್ದಿದ್ದರಿಂದ ಅವನನ್ನು ಮಿಲೇತ ಅನ್ನುವ ಊರಲ್ಲೇ ಬಿಟ್ಟು ಬಂದೆ ಅಂತ ಪೌಲ ಬರೆಯುತ್ತಾನೆ. ಎಷ್ಟೋ ರೋಗಿಗಳು ಪೌಲನ ಮೂಲಕವೇ ವಾಸಿಯಾಗಿದ್ದರು, ಅಲ್ವಾ? ಆದರೂ ತ್ರೊಫಿಮನನ್ನು ಅವನು ಬೈಯಲಿಲ್ಲ. "ಶರೀರದ ಮುಳ್ಳು" ಅಂತ ತಾನೇ ಕರೆದ ಒಂದು ಕಷ್ಟ ಹೋಗಲಿ ಅಂತ ಪೌಲನೇ ಮೂರು ಸಲ ಬೇಡಿದ. ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು."

ಮನಸ್ಸು ಕುಗ್ಗಿದವರ ವಿಷಯ ಇನ್ನೂ ಕಷ್ಟ. ಒಬ್ಬ ಗೆಳತಿ, "ನನಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ, ದೇವರು ಇದಾನೋ ಇಲ್ಲವೋ" ಅಂದಳು. ಹಿಂದೆ ಆಗಿದ್ದರೆ ವಾದಕ್ಕೆ ಇಳಿಯುತ್ತಿದ್ದೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬ ಬರುತ್ತಾನೆ; ಅವನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಬಾಯಿ ಬಿಟ್ಟ ಮೇಲೇ ಎಲ್ಲ ಕೆಟ್ಟದ್ದು. ಹಾಗಾಗಿ ನಾನೂ ಸುಮ್ನೆ ಕೂತೆ. ಹೊರಡುವಾಗ 88ನೇ ಕೀರ್ತನೆ ಓದಲಾ ಅಂತ ಕೇಳಿದೆ. ಅದು ಕತ್ತಲು ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸ್ತುತಿಯ ಸಾಲೂ ಇಲ್ಲ. ಅವಳು ಅತ್ತಳು. "ಇದೂ ಬೈಬಲಿನಲ್ಲಿ ಇದೆಯಾ?" ಅಂದಳು. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದಾಗ ಯೇಸು "ಅವರ ನಂಬಿಕೆಯನ್ನು" ನೋಡಿದ ಅಂತ ಮಾರ್ಕ ಬರೆದಿದ್ದಾನೆ. ಆ ರೋಗಿಗೆ ಆಗ ನಂಬಿಕೆ ಇತ್ತೋ ಇಲ್ಲವೋ, ಹೇಳಿಲ್ಲ. ಈ ಕೆಲವು ತಿಂಗಳು ನಿನ್ನ ಪಾಲಿನ ಪ್ರಾರ್ಥನೆ ನಾವು ಮಾಡುತ್ತೇವೆ ಅಂತ ಅವಳಿಗೆ ಹೇಳಿದೆ. ಅವಳು ಕೌನ್ಸೆಲರ್ ಹತ್ತಿರವೂ ಹೋಗುತ್ತಿದ್ದಳು. ಅದನ್ನು ಬಿಡು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ ಅಂದೆ.

"ನಾವು" ಅನ್ನುವ ಮೊದಲು ಅವಳನ್ನು ಕೇಳಿದ್ದೆ. ಇದು ಮುಖ್ಯ. ಪ್ರಾರ್ಥನಾ ಕೂಟದಲ್ಲಿ ವಿನಂತಿಯ ಹೆಸರಲ್ಲಿ ಎಷ್ಟೋ ಗುಟ್ಟು ಊರೆಲ್ಲ ಸುತ್ತುತ್ತವೆ. ಅವಳು ಇಬ್ಬರ ಹೆಸರು ಹೇಳಿದಳು. ಆ ಇಬ್ಬರಿಗೇ ಹೇಳಿದೆ.

ಗೆಳೆಯನ ಕೀಮೋ ಮುಗಿದಿದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಹಿಂದಿನ ರಾತ್ರಿ ತಪ್ಪದೆ ಮೆಸೇಜ್ ಬರುತ್ತದೆ: "ನಾಳೆ ಇದೆ. ನಿದ್ದೆಗೆ ಕೇಳು." ಕೇಳುತ್ತೇನೆ. ಬೆಳಗ್ಗೆ ಎದ್ದು ಫೋನ್ ಮಾಡಿದರೆ ಕೆಲವು ಸಲ "ಚೆನ್ನಾಗಿ ನಿದ್ದೆ ಬಂತು" ಅನ್ನುತ್ತಾನೆ. ಕೆಲವು ಸಲ, "ಇಲ್ಲಪ್ಪ, ನಿನಗೆ?" ಅನ್ನುತ್ತಾನೆ.